ಬಂದರ್ ಅಂದರೆ ಮಂಗ, ಎಂದಿದ್ದೆ

ಮೊದಲು ಒಂದು ಸಿಳ್ಳು. ರೇಡಿಯೊದ ಕಿವಿಯನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಎಲ್ಲಿಂದಲೋ ಏಳುವ ಸಪೂರ ಸಿಳ್ಳು. ಇನ್ನೊಂದಿಷ್ಟು ತಿರುಗಿಸಿದರೆ ಅದು ತಗ್ಗುತ್ತದೆ, ದಪ್ಪವಾಗುತ್ತದೆ, ದುಂಬಿಯ ಗುಂಯ್ ಆಗಿ ಕೊನೆಗೆ ಇಲ್ಲವಾಗುತ್ತದೆ. ಅದು ಇಲ್ಲವಾದ ಜಾಗದಲ್ಲಿ ಒಬ್ಬ ಗಂಡಸಿನ ದನಿ: "ಬಂದರ್…" ಆಮೇಲೆ ಮರಳನ್ನು ಜರಡಿ ಹಿಡಿದಂಥ ಸದ್ದು. ಮತ್ತೆ ಅದೇ ದನಿ, ಈ ಬಾರಿ ಸ್ವಲ್ಪ ಹತ್ತಿರದಿಂದ.

ಆ ದನಿಯನ್ನು ಹಿಡಿದವಳು ನಾನಲ್ಲ. ಹಿಡಿದವರು ಕಾಪುವಿನ ಒಬ್ಬ ಮುದುಕರು. ನಾನೇ ಹಿಡಿದದ್ದು ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿ, ಸಹಿ ಮಾಡಿದ ಒಂದು ಕಾಗದ ಕಡಲಿನಾಚೆಯ ಯಾವುದೋ ಕಚೇರಿಯ ಫೈಲಿನಲ್ಲಿ ಇಂದಿಗೂ ಇದ್ದೀತು. ಅದನ್ನು ಅಲ್ಲಿಂದ ತೆಗೆಯಲಿಕ್ಕೆ ನನ್ನಿಂದ ಆಗುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ವಿಚಿತ್ರ ಹಾಬಿ. ಮೀಡಿಯಂ ವೇವ್‌ನಲ್ಲಿ ದೂರದ ಊರುಗಳ ರೇಡಿಯೊ ನಿಲಯಗಳನ್ನು ಹಿಡಿಯುವುದು. ಹಗಲಿನಲ್ಲಿ ಅದರಲ್ಲಿ ಹತ್ತಿರದ ಒಂದೆರಡು ನಿಲಯ ಬಿಟ್ಟರೆ ಏನೂ ಇಲ್ಲ. ಸೂರ್ಯ ಮುಳುಗಿದ ಮೇಲೆ ಆಕಾಶದಲ್ಲಿ ಯಾವುದೋ ಬಾಗಿಲು ತೆಗೆದ ಹಾಗೆ ಸಾವಿರ, ಎರಡು ಸಾವಿರ ಕಿಲೋಮೀಟರ್ ಆಚೆಯ ದನಿಗಳು ಬರಲಿಕ್ಕೆ ಶುರುವಾಗುತ್ತವೆ. ಯಾವ ನಿಲಯ ಎಂದು ಗುರುತು ಹಿಡಿದು, ಎಷ್ಟು ಗಂಟೆಗೆ ಏನು ಕೇಳಿಸಿತು ಎಂದು ಬರೆದು, ಸದ್ದು ಹೇಗಿತ್ತು ಎಂಬುದಕ್ಕೆ ಐದು ಅಂಕೆಗಳಲ್ಲಿ ಮಾರ್ಕು ಕೊಟ್ಟು ಆ ನಿಲಯಕ್ಕೆ ವರದಿ ಕಳಿಸಿದರೆ, ಅವರು "ಹೌದು, ನೀವು ಕೇಳಿದ್ದು ನಮ್ಮನ್ನೇ" ಎಂದು ಒಂದು ಕಾರ್ಡು ಕಳಿಸುತ್ತಾರೆ. ಬಹುಮಾನ ಅಂತ ಇದ್ದರೆ ಅಷ್ಟೇ. ಈಗೀಗ ಹೆಚ್ಚಿನ ನಿಲಯಗಳು ಮುಚ್ಚಿವೆ, ಉಳಿದವರು ಇಮೇಲ್ ಮಾಡಿ ಕೈತೊಳೆಯುತ್ತಾರೆ. ಆಗ, ಎಂಟು ಒಂಬತ್ತು ವರ್ಷದ ಹಿಂದೆ, ಕೆಲವರಾದರೂ ಸ್ಟ್ಯಾಂಪ್ ಹಚ್ಚಿದ ಕಾರ್ಡು ಕಳಿಸುತ್ತಿದ್ದರು.

ಈ ಹುಚ್ಚು ಅಪ್ಪನಿಂದ ಬಂದದ್ದು. ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ ನಮ್ಮ ಮನೆ. ಅಂಗಳದಲ್ಲಿ ಎರಡು ತೆಂಗಿನ ಮರಗಳ ನಡುವೆ ತಂತಿ ಕಟ್ಟಿ ಅಪ್ಪ ಸಂಜೆ ರೇಡಿಯೊದ ಮುಂದೆ ಕೂರುತ್ತಿದ್ದರು. ನಾನು ಕಾನ್ವೆಂಟ್ ಯೂನಿಫಾರ್ಮ್ ಬದಲಿಸದೆ ಪಕ್ಕದಲ್ಲಿ. ನನಗೆ ಇಂಗ್ಲಿಷ್ ಬರುತ್ತದೆ, ಹಿಂದಿ ಬರುತ್ತದೆ ಎಂದು ಅಪ್ಪನಿಗೆ ಬಹಳ ಹೆಮ್ಮೆ. ಏನು ಹೇಳಿದ್ದು ಅಂತ ನನ್ನನ್ನೇ ಕೇಳುತ್ತಿದ್ದರು. ಗೊತ್ತಾಗದಿದ್ದರೂ ಏನಾದರೂ ಹೇಳುತ್ತಿದ್ದೆ. ಹಿಂದಿ ಪರೀಕ್ಷೆಯಲ್ಲಿ ಫಸ್ಟ್ ಬಂದೆನೆಂದು ಸಿಸ್ಟರ್ ಒಬ್ಬರು ಅಸೆಂಬ್ಲಿಯಲ್ಲಿ ನನ್ನನ್ನು ಮುಂದೆ ಕರೆದು ಡಿಕ್ಷನರಿ ಕೊಟ್ಟರು. ಆವತ್ತಿನ ನಂತರ "ನನಗೆ ಗೊತ್ತಿಲ್ಲ" ಎಂಬ ಎರಡು ಶಬ್ದ ನನ್ನ ಬಾಯಿಂದ ಹೊರಡುವುದು ಬಹಳ ಕಷ್ಟವಾಯಿತು.

ಮುಂದೆ ಮಣಿಪಾಲದ ಒಂದು ಆಸ್ಪತ್ರೆಯ ರೆಕಾರ್ಡ್ಸ್ ಸೆಕ್ಷನ್‌ನಲ್ಲಿ ಮೂವತ್ತೆರಡು ವರ್ಷ ದುಡಿದೆ. ಒಬ್ಬರ ಕಾಗದ ಇನ್ನೊಬ್ಬರ ಫೈಲಿಗೆ ಹೋಗಬಾರದು, ಅದೇ ಇಡೀ ಕೆಲಸ. ರಿಟೈರ್ ಆಗಿ ಉಡುಪಿಯಲ್ಲಿ ತಂಗಿಯ ಮನೆಗೆ ಬಂದು, ಒಂದು ಒಳ್ಳೆಯ ಪೋರ್ಟಬಲ್ ಸೆಟ್ ತರಿಸಿಕೊಂಡೆ. ಆದರೆ ಉಡುಪಿ ಪೇಟೆಯ ಒಳಗೆ ಮೀಡಿಯಂ ವೇವ್ ಸತ್ತೇ ಹೋಗಿದೆ. ಎಲ್‌ಇಡಿ ಬಲ್ಬು, ಇನ್ವರ್ಟರ್, ಪಕ್ಕದ ಅಪಾರ್ಟ್‌ಮೆಂಟಿನ ಲಿಫ್ಟು, ಎಲ್ಲ ಸೇರಿ ರೇಡಿಯೊದಲ್ಲಿ ಗೊರಗೊರ. ಕರೆಂಟು ಹೋದರೆ ಖುಷಿಪಡುವವಳು ಇಡೀ ಬೀದಿಯಲ್ಲಿ ನಾನೊಬ್ಬಳೇ.

"ಇದರಲ್ಲಿ ಎಂತ ಕೇಳ್ತದೆ ಅಕ್ಕ ನಿನಗೆ?" ಎಂದು ತಂಗಿ ತಮಾಷೆ ಮಾಡುತ್ತಿದ್ದಳು. "ಗೊರಗೊರ ಬೇಕಾದ್ರೆ ಹೇಳು ಮಾರಾಯ್ತಿ, ಮಿಕ್ಸಿ ಹಾಕ್ತೇನೆ. ಒಟ್ಟಿಗೆ ಚಟ್ನಿಯೂ ಆಗ್ತದೆ."

ಹಾಗಾಗಿ ವಾರಕ್ಕೆ ಎರಡು ಸಂಜೆ ಬಸ್ಸು ಹತ್ತಿ ಕಾಪುವಿನ ಕಡಲ ಬದಿಗೆ ಹೋಗಲಿಕ್ಕೆ ಶುರುಮಾಡಿದೆ. ನೀರಿನ ಮೇಲಿಂದ ಬರುವ ಅಲೆಗೆ ಅಡ್ಡ ಏನೂ ಇಲ್ಲ. ಲೈಟ್‌ಹೌಸಿನಿಂದ ಸ್ವಲ್ಪ ದೂರ, ಜನ ಇಲ್ಲದಲ್ಲಿ ಕೂತು, ಎಂಟೂವರೆಯ ಬಸ್ಸಿಗೆ ವಾಪಸು.

ಮೊದಲನೆಯ ಸಂಜೆಯೇ ಆ ಮುದುಕರ ಕೈಗೆ ಸಿಕ್ಕಿಬಿದ್ದೆ. ರೇಡಿಯೊದ ಉದ್ದ ಕಡ್ಡಿಯನ್ನು ಪೂರ್ತಿ ಎಳೆದು, ಸೆಟ್ಟನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ನಿಂತಿದ್ದೆ. ಹಿಂದಿನಿಂದ ಯಾರೋ ಕೆಮ್ಮಿದರು. ನೋಡಿದರೆ, ಮನೆಯಂಗಳದಲ್ಲಿ ಕವುಚಿ ಹಾಕಿದ ಹಳೆಯ ದೋಣಿಯ ಮೇಲೆ ಒಬ್ಬರು ಅಜ್ಜ, ತೊಡೆಯ ಮೇಲೆ ರಬ್ಬರ್ ಬ್ಯಾಂಡ್ ಸುತ್ತಿದ ಹಳೇ ಟ್ರಾನ್ಸಿಸ್ಟರ್.

"ಅಕ್ಕೆರೇ, ಹಾಗೆ ಹಿಡಿದ್ರೆ ಕೈ ನೋಯ್ತದೆ ಅಷ್ಟೆ," ಎಂದರು. "ಆ ಕಡ್ಡಿ ಇದಕ್ಕೆ ಅಲ್ಲ. ಒಳಗೆ ಬೇರೆ ಕಡ್ಡಿ ಉಂಟು. ಪೆಟ್ಟಿಗೆಯನ್ನೇ ಮಗುವಿನ ಹಾಗೆ ಮಗ್ಗುಲು ಬದಲಿಸ್ಬೇಕು."

ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ತುಳುವಿನ ಉಪ್ಪು ಇದರಲ್ಲಿ ಅಷ್ಟು ಬರಲಿಕ್ಕಿಲ್ಲ. "ಅಕ್ಕೆರೇ" ಎಂಬುದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು, ಆದರೂ ನನ್ನನ್ನು ಮರ್ಯಾದೆಯಿಂದ ಅಕ್ಕ ಎಂದೇ ಕರೆದರು. ನಾನು ಅವರನ್ನು ತಂಡೇಲರೇ ಎನ್ನುತ್ತಿದ್ದೆ. ಮೀನಿನ ಬೋಟು ನಡೆಸುವ ಮುಖ್ಯಸ್ಥನನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಕಡಲು ಬಿಟ್ಟು ಇಪ್ಪತ್ತು ವರ್ಷವಾದರೂ ಅವರು ಊರಿಗೆಲ್ಲ ತಂಡೇಲರೇ.

ಸೆಟ್ಟನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸಿದರೆ ಹತ್ತಿರದ ದೊಡ್ಡ ನಿಲಯ ಒಂದು ಹಂತದಲ್ಲಿ ತನ್ನಷ್ಟಕ್ಕೆ ಕುಗ್ಗುತ್ತದೆ. ಅದರ ಹಿಂದೆ ಅಡಗಿದ್ದ ದೂರದ ದನಿ ಆಗ ಈಚೆ ಬರುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ದೊಡ್ಡ ಥಿಯರಿ ಉಂಟು, ನಾನು ಆಮೇಲೆ ಓದಿದೆ. ತಂಡೇಲರು ಹೇಳಿದ್ದು ಇಷ್ಟೆ: "ಬೊಬ್ಬೆ ಹೊಡೆಯುವವನಿಗೆ ಭುಜ ತೋರಿಸಿ ಕೂರಿ. ಆಗ ಮೆತ್ತಗೆ ಮಾತಾಡುವವನು ಕೇಳ್ತಾನೆ." ನಾನು ಕೊಡುವ ಐದು ಅಂಕೆಗಳ ಬದಲು ಅವರದ್ದು ನೀರಿನ ಲೆಕ್ಕ. "ಇವತ್ತು ತಿಳಿ." "ಇವತ್ತು ಕಲಕು." ಒಂದೊಂದು ದಿನ, "ಇವತ್ತು ಬಲೆ ಹಾಕುವುದೇ ಬೇಡ, ಏಳಿ, ಚಾ ಕುಡಿಯುವ."

ಮನೆಯಲ್ಲಿ ಅವರ ಮಗಳು. ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿದ್ದಳು, ಬಾಯಿ ಜೋರು, ಕೈ ಧಾರಾಳ. ನನಗೆ ಚಾ ಕೊಡುವಾಗ ಒಂದು ದಿನ ಒಳಗೆ ಕರೆದು ಮೆಲ್ಲನೆ ಹೇಳಿದಳು: "ಅಪ್ಪನಿಗೆ ಮರೆವು ಶುರುವಾಗಿದೆ ಅಕ್ಕ. ಡಾಕ್ಟ್ರು ಹೇಳಿದ್ದಾರೆ. ಮೊನ್ನೆ ನನ್ನ ಗಂಡನ ಹೆಸರು ಮರೆತ್ರು. ಈಗ ಹೊಸತು ಶುರುವಾಗಿದೆ. ಸಂಜೆಯಾದ್ರೆ ಬಂದರಿನವರು ಮಾತಾಡ್ತಾರೆ ಅಂತೆ. ಹವಾ ಹೇಳ್ತಾರೆ ಅಂತೆ. ಎಲ್ಲಿಯ ಬಂದರು? ಎಂತ ಹವಾ? ನೀವು ಕೇಳಿದಿರಾ?"

ನಾನು ಕೇಳಿರಲಿಲ್ಲ. ನನ್ನ ಹೊಸ ಸೆಟ್ಟನ್ನು ಅವರು ಹೇಳಿದ ಜಾಗಕ್ಕೆ ತಿರುಗಿಸಿದರೆ ಬರೀ ಬುಸ್ಸೆನ್ನುವ ಸದ್ದು.

ತಂಡೇಲರ ಕಥೆ ಬೇರೆ. ಹದಿನೇಳನೆಯ ವಯಸ್ಸಿನಲ್ಲಿ, ಹೆಂಚು ತುಂಬಿದ ಒಂದು ಮಂಜಿಯಲ್ಲಿ, ಅಂದರೆ ಹಾಯಿ ಕಟ್ಟಿದ ದೊಡ್ಡ ಹಡಗಿನಲ್ಲಿ, ಅಡಿಗೆಯವನಾಗಿ ಅವರು ಪರ್ಷಿಯಾದ ಕರಾವಳಿಗೆ ಹೋಗಿದ್ದರಂತೆ. ಒಂದೇ ಒಂದು ಸಲ. ಅಲ್ಲಿಯವರು ಆ ಊರನ್ನು ಬಂದರ್ ಎಂದೇ ಕರೆಯುತ್ತಿದ್ದರು, ನಮ್ಮ ಬಂದರಿನ ಹಾಗೆಯೇ. ಅದು ಕೇಳಿ ತನಗೆ ಅಲ್ಲಿ ಹೆದರಿಕೆ ಹೋಯಿತು ಎಂದರು. ಬರುವಾಗ ಖರ್ಜೂರದ ಒಂದು ಚೀಲ ತಂದಿದ್ದರು. ಖರ್ಜೂರ ತಿಂದು ಮುಗಿಯಿತು. ಫೋಟೊ ಇಲ್ಲ, ಕಾಗದ ಇಲ್ಲ, ಜೊತೆಗಿದ್ದವರು ಯಾರೂ ಉಳಿದಿಲ್ಲ. ಮೊದಲು ಮನೆಯವರಿಗೆ ಅದೊಂದು ಕಥೆಯಾಗಿತ್ತು. ಮರೆವು ಬಂದ ಮೇಲೆ ಅದೂ ರೋಗದ ಭಾಗವಾಯಿತು.

"ಮರೆವು ಉಂಟು ಅಕ್ಕೆರೇ, ಸುಳ್ಳಲ್ಲ," ಎಂದರು ನನ್ನ ಹತ್ತಿರ. "ಉಪ್ಪು ಹಾಕಿದೆನಾ ಇಲ್ವಾ ಮರೆತು ಹೋಗ್ತದೆ. ಆದ್ರೆ ಇದು ಮರೆವಲ್ಲ. ಇದು ಕೇಳ್ತದೆ. ಇಷ್ಟು ಮಾತ್ರ ಇವರು ನಂಬಿದ್ರೆ ಸಾಕು ನನಗೆ."

ಅವರಿಗೆ ಬೇಕಾದದ್ದು ಅಷ್ಟೇ. ನನಗದು ಆಗಲೇ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ಹೇಳುವ ಹಾಗಿಲ್ಲ.

ಮಳೆಗಾಲ ಮುಗಿದ ಮೇಲಿನ ಒಂದು ಸಂಜೆ. ನಾನು ಹೋದ ಕೂಡಲೇ ಅವರು ಕೈ ಬೀಸಿದರು. "ತಿಳಿ ಉಂಟು ಇವತ್ತು. ಬನ್ನಿ, ಬೇಗ." ದೋಣಿಯ ಮೇಲೆ ಅವರ ಸೆಟ್ಟು. ಕಿವಿ ಕೊಟ್ಟೆ. ಆ ಸಿಳ್ಳು, ಆ ದುಂಬಿ, ಆಮೇಲೆ ಗಂಡಸಿನ ದನಿ. "ಬಂದರ್…" ನಾನು ಗಡಿಬಿಡಿಯಲ್ಲಿ ಮೊಬೈಲ್ ತೆಗೆದು ಅವರ ರೇಡಿಯೊದ ಬಾಯಿಗೆ ಹಿಡಿದು ರೆಕಾರ್ಡ್ ಮಾಡಿದೆ. ನಾಲ್ಕು ನಿಮಿಷ. ನನ್ನ ಸೆಟ್ಟಿನಲ್ಲಿ ಆಗಲೂ ಏನೂ ಇರಲಿಲ್ಲ.

ಮಗಳು ಬಾಗಿಲಿಗೆ ಬಂದಳು. ಪಕ್ಕದ ಮನೆಯ ಇಬ್ಬರು ಹೆಂಗಸರು ಬಂದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಓದಿದವಳು, ಇಂಗ್ಲಿಷಿನವಳು, ಇವಳು ಎಂತ ಹೇಳುತ್ತಾಳೆ ನೋಡುವ ಎಂದು. ತಂಡೇಲರೂ ನೋಡುತ್ತಿದ್ದರು.

"ಕೇಳಿದಿರಾ? ಬಂದರು ಅಂತ ಹೇಳಿದ ಅಲ್ವಾ?"

ಆಗ "ನನಗೆ ಗೊತ್ತಿಲ್ಲ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಡಿಕ್ಷನರಿ ಗೆದ್ದ ಹುಡುಗಿ ನನ್ನ ಒಳಗಿನಿಂದ ಎದ್ದು ನಿಂತಳು.

"ಅಯ್ಯೋ ತಂಡೇಲರೇ, ಅದು ಹಿಂದಿ," ಎಂದೆ. "ಹಿಂದಿಯಲ್ಲಿ ಬಂದರ್ ಅಂದ್ರೆ ಮಂಗ. ಉತ್ತರದ ಯಾವುದೋ ಸ್ಟೇಷನ್, ಮಕ್ಕಳಿಗೆ ಮಂಗನ ಕಥೆ ಹೇಳ್ತಾ ಇದ್ದಾರೆ."

ಮಗಳು ಕಿಸಕ್ಕನೆ ನಕ್ಕಳು. ತಂಡೇಲರು ನಗಲಿಲ್ಲ.

"ಮಕ್ಕಳಿಗೆ ಕಥೆ ಹೇಳುವವನ ಸ್ವರವಾ ಇದು? ಲೆಕ್ಕ ಓದುವವನ ಸ್ವರ," ಎಂದರು. "ಬಂದರ್ ಅಂದ, ಹವಾ ಅಂದ, ದರಿಯಾ ಅಂದ. ದರಿಯಾ ಅಂದ್ರೆ ಕಡಲು. ಮಂಗನಿಗೂ ಕಡಲಿಗೂ ಎಂತ ಸಂಬಂಧ ಅಕ್ಕೆರೇ?"

ಅಷ್ಟು ಸರಿಯಾದ ಪ್ರಶ್ನೆಯನ್ನು ನನ್ನ ಇಡೀ ಸರ್ವಿಸ್‌ನಲ್ಲಿ ಯಾವ ಡಾಕ್ಟರೂ ಕೇಳಿರಲಿಲ್ಲ. ನಾನು ಎಂತ ಹೇಳಿದೆ?

"ಕಡಲು ಹಾರಿದ್ದು ಮಂಗವೇ ಅಲ್ವಾ ತಂಡೇಲರೇ!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನನ್ನ ಮಾತು ಬಹಳ ಚೆನ್ನಾಗಿದೆ ಎಂದೇ ಕಂಡಿತು. ತಂಡೇಲರು ಸೆಟ್ಟನ್ನು ಆಫ್ ಮಾಡಿ ಲುಂಗಿಯ ತುದಿಯಿಂದ ಒರೆಸಿದರು.

"ಮಂಗವೋ ಬಂದರೋ, ಬರೆದು ಕೇಳಿ ನೋಡಿ," ಎಂದರು. "ಕಾರ್ಡು ಕಳಿಸ್ತಾರೆ ಅಂದಿರಲ್ಲ. ನನ್ನ ಹೆಸರಿನಲ್ಲಿ ಬರೀರಿ. ನಿಮಗೆ ಇಂಗ್ಲಿಷ್ ಬರ್ತದಲ್ಲ."

"ಬರೀತೇನೆ," ಎಂದೆ. "ಖಂಡಿತ."

ಮಗಳು ಇನ್ನೂ ನಗುತ್ತಲೇ ಇದ್ದಳು, ಆದರೆ ಅಪ್ಪನ ಮುಖ ನೋಡಿ ಸ್ವರ ಬದಲಿಸಿದಳು. "ಬರ್ಲಿ ಅಕ್ಕ. ಅಪ್ಪನ ಹೆಸರಿಗೆ ಬಂದರಿನಿಂದ ಕಾರ್ಡು ಬಂದ್ರೆ ನಾನೇ ಕಟ್ಟು ಹಾಕಿಸಿ ಗಡಿಯಾರದ ಕೆಳಗೆ ತೂಗಿಸ್ತೇನೆ. ಆಮೇಲೆ ಅವರ ತಲೆ ಸರಿ ಇಲ್ಲ ಅಂತ ಯಾರಾದ್ರೂ ಹೇಳ್ಲಿ, ನೋಡ್ಕೊಳ್ತೇನೆ."

ಮುಂದಿನ ವಾರ ಹೋದಾಗ ಗಡಿಯಾರದ ಕೆಳಗೆ ಒಂದು ಮೊಳೆ ಇತ್ತು. ತಂಡೇಲರೇ ಹೊಡೆದದ್ದು. ಸ್ವಲ್ಪ ಓರೆಯಾಗಿತ್ತು.

ಅದೇ ತಿಂಗಳ ಒಂದು ಭಾನುವಾರ ಮಣಿಪಾಲದಲ್ಲಿ ನಮ್ಮ ಕೂಟ. ಈ ಹಾಬಿಯವರು ನಾವು ಆರು ಜನ ಇದ್ದೆವು, ಐದು ಗಂಡಸರು ಮತ್ತು ನಾನು. ಒಬ್ಬ ರಿಟೈರ್ಡ್ ಎಂಜಿನಿಯರರ ಮನೆಯಲ್ಲಿ ತಿಂಗಳಿಗೊಮ್ಮೆ ಗೋಳಿಬಜೆ, ಕಾಫಿ, ಯಾರು ಯಾವ ನಿಲಯ ಹಿಡಿದರು ಎಂಬ ಜಂಬ. ಅವರೆಲ್ಲರೂ ಇಪ್ಪತ್ತು ಮೂವತ್ತು ವರ್ಷದ ಹಳಬರು. ನಾನು ಹಿಡಿದದ್ದೆಲ್ಲ ಹತ್ತಿರದ್ದು. ಪ್ರತಿ ಸಲ ನನ್ನ ಸರದಿ ಬಂದಾಗ "ಮೇಡಂ, ನೀವು ಇನ್ನೊಂದು ಗೋಳಿಬಜೆ ತಗೊಳ್ಳಿ" ಎಂದು ಪ್ರೀತಿಯಿಂದಲೇ ಮುಂದೆ ದಾಟುತ್ತಿದ್ದರು. ಆ ಪ್ರೀತಿ ನನಗೆ ಚುಚ್ಚುತ್ತಿತ್ತು.

ಆವತ್ತು ಮೊಬೈಲ್ ತೆಗೆದು ಆ ನಾಲ್ಕು ನಿಮಿಷ ಕೇಳಿಸಿದೆ. ಗಲ್ಫಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಒಬ್ಬರು ಇದ್ದರು. ಕಾಫಿ ಕೆಳಗಿಟ್ಟರು.

"ಇದು ಫಾರ್ಸಿ! ಪೋರ್ಟ್ ಬುಲೆಟಿನ್. ಬಂದರ್ ಅಂದ್ರೆ ನಮ್ಮ ಬಂದರೇ ಮೇಡಂ, ನಾವು ಅವರಿಂದಲೇ ತಗೊಂಡ ಶಬ್ದ. ಕೇಳಿ, ಹವಾ ಹೇಳ್ತಾ ಇದ್ದಾನೆ, ದರ್ಯಾ, ಅಂದ್ರೆ ಸಮುದ್ರ. ಎಂಥ ಕ್ಲೀನ್ ಆಗಿ ಬಂದಿದೆ! ಯಾರು ಹಿಡಿದದ್ದು ಇದನ್ನ?"

ನನ್ನ ಕೈಯಲ್ಲಿದ್ದ ಗೋಳಿಬಜೆ ತಣ್ಣಗಾಗಿತ್ತು. ತಂಡೇಲರು ಹೇಳಿದ ಮೂರೂ ಶಬ್ದ, ಅದೇ ಅನುಕ್ರಮದಲ್ಲಿ.

"ನಾನೇ," ಎಂದೆ.

ಯಾರೂ ಒತ್ತಾಯ ಮಾಡಿರಲಿಲ್ಲ. "ಕಾಪುವಿನ ಒಬ್ಬರು" ಎನ್ನಲಿಕ್ಕೆ ಒಂದು ಸೆಕೆಂಡು ಬೇಕಿತ್ತು, ಅಷ್ಟೇ. ಐದು ಗಂಡಸರೂ ಚಪ್ಪಾಳೆ ತಟ್ಟಿದರು. "ಸೂಪರ್ ಕ್ಯಾಚ್ ಮೇಡಂ! ಹೇಗೆ ಮಾಡಿದ್ರಿ?" ನಾನು ವಿವರಿಸಿದೆ. ಬೊಬ್ಬೆ ಹೊಡೆಯುವವನಿಗೆ ಭುಜ ತೋರಿಸಿ ಕೂರಬೇಕು ಎಂದೆ. ಆ ಮಾತೂ ನನ್ನದೇ ಎಂಬ ಹಾಗೆ. ಎಂಜಿನಿಯರರು "ವೆಲ್ ಪುಟ್" ಎಂದು ತಲೆದೂಗಿದರು.

ಆಮೇಲೆ ವರದಿ ಬರೆಯುವಾಗ ಸಿಕ್ಕಿಹಾಕಿಕೊಂಡೆ. ವರದಿ ಆ ಐವರ ಕಣ್ಣೆದುರಿನಿಂದಲೇ ಹೋಗಬೇಕಾದ್ದು. ಫಾರ್ಸಿ ಭಾಗವನ್ನು ಗಲ್ಫಿನಲ್ಲಿದ್ದವರು ತಿದ್ದಿ ಕೊಡುತ್ತೇನೆ ಎಂದಿದ್ದರು. ಕೇಳುಗರ ಹೆಸರು ಎಂಬಲ್ಲಿ ನನ್ನ ಹೆಸರು ಬರೆದೆ. ರಿಸೀವರ್ ಎಂಬಲ್ಲಿ ನನ್ನ ಸೆಟ್ಟಿನ ಮಾಡೆಲ್ ಬರೆದೆ. ರಬ್ಬರ್ ಬ್ಯಾಂಡ್ ಸುತ್ತಿದ ಟ್ರಾನ್ಸಿಸ್ಟರಿನ ಹೆಸರು ಎಂತ ಎಂದೂ ನಾನು ನೋಡಿರಲಿಲ್ಲ. ಮೂವತ್ತೆರಡು ವರ್ಷದಲ್ಲಿ ಒಂದು ಎಕ್ಸ್‌ರೇ ಕೂಡ ತಪ್ಪು ಫೈಲಿಗೆ ಹಾಕದವಳು.

ನನ್ನ ಹೆಸರಿನದ್ದು ಮೊದಲು ಹೋಗಲಿ, ತಂಡೇಲರ ಹೆಸರಿನಲ್ಲಿ ಇನ್ನೊಂದು ಕಳಿಸಿದರಾಯಿತು ಎಂದು ಅಂದುಕೊಂಡೆ. ಎರಡು ಸಲ ಬರೆಯಲಿಕ್ಕೆ ಕೂತೆ. ಒಂದೇ ದಿನ, ಒಂದೇ ನಿಮಿಷ, ಒಂದೇ ಊರು, ಇಬ್ಬರ ಹೆಸರು. ಆ ಕಚೇರಿಯವರು ನಗುತ್ತಾರೆ, ಮಣಿಪಾಲದವರಿಗೆ ಗೊತ್ತಾದರೆ ಇನ್ನೂ ಕಷ್ಟ. ಬರೆಯಲಿಲ್ಲ. ಬೇರೆ ಯಾವುದಾದರೂ ಸಂಜೆ ಅವರ ಜೊತೆ ಕೂತು ಹೊಸದಾಗಿ ಕೇಳಿ ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಅವರ ಜೊತೆ ಕೂರುವುದೇ ಕಷ್ಟವಾಗಲು ಶುರುವಾಗಿತ್ತು.

ಯಾಕೆಂದರೆ ಆ ಮನೆಯಲ್ಲಿ ನನ್ನ ಜೋಕು ಬೆಳೆಯುತ್ತಿತ್ತು. ನಾನು ಅಂಗಳಕ್ಕೆ ಕಾಲಿಡುವಾಗ ಮಗಳು ಒಳಗಿನಿಂದ ಕೂಗುತ್ತಿದ್ದಳು: "ಅಪ್ಪ, ಅಕ್ಕ ಬಂದ್ರು. ಮಂಗ ಎಂತ ಹೇಳ್ತದೆ ಇವತ್ತು?" ಪಕ್ಕದ ಮನೆಯವರು ಆ ರೇಡಿಯೊಕ್ಕೆ ಮಂಗನ ಪೆಟ್ಟಿಗೆ ಎಂದು ಹೆಸರಿಟ್ಟರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಮುದುಕರ ಮರೆವಿನ ಎದುರು ಒಂದು ನಗು ಸಿಕ್ಕಿತ್ತು, ಅದನ್ನು ಬಿಡಲಿಕ್ಕೆ ಅವರಿಗೆ ಮನಸ್ಸಿರಲಿಲ್ಲ. "ಅದು ಮಂಗ ಅಲ್ಲ, ಬಂದರೇ; ನಾನು ಹೇಳಿದ್ದು ತಪ್ಪು" ಎಂದು ಹೇಳಲಿಕ್ಕೆ ನನಗೆ ಹೊಸ್ತಿಲಿನ ಮೇಲೆ ಎಷ್ಟೋ ಸಂಜೆಗಳು ಸಿಕ್ಕಿದವು. ಪ್ರತಿ ಸಲ ಚಾ ಕುಡಿದು ಬಂದೆ.

"ಕಾರ್ಡು ಬಂತಾ ಅಕ್ಕೆರೇ?"

"ಇಲ್ಲ ತಂಡೇಲರೇ. ಅವರು ನಿಧಾನ."

ಮೊದಲ ಮೂರು ತಿಂಗಳು ಅದು ನಿಜವಾಗಿತ್ತು. ಕಳಿಸಿದ್ದೇ ಅವರ ಹೆಸರಿನಲ್ಲಿ ಅಲ್ಲ ಎಂಬುದನ್ನು ಬಿಟ್ಟರೆ. ನಾಲ್ಕನೆಯ ತಿಂಗಳು ಕಾರ್ಡು ಬಂತು. ತಂಗಿ ಪೋಸ್ಟ್‌ಮ್ಯಾನ್ ಕೈಯಿಂದ ತೆಗೆದುಕೊಂಡು ಗೇಟಿನಿಂದಲೇ ಕೂಗಿದಳು: "ಅಕ್ಕ, ಪರದೇಶದಿಂದ ನಿನಗೆ ಯಾರೋ ಬರ್ದಿದ್ದಾರೆ ಮಾರಾಯ್ತಿ! ಈ ಪ್ರಾಯದಲ್ಲಿ!" ಕಾರ್ಡಿನ ಮೇಲೆ ಒಂದು ಬಂದರಿನ ಚಿತ್ರ. ಮರದ ಹಡಗುಗಳು ಸಾಲಾಗಿ ನಿಂತಿವೆ, ಹಿಂದೆ ಬೋಳು ಗುಡ್ಡ. ಹಿಂಬದಿಯಲ್ಲಿ ಯಾರೋ ಶಾಯಿಯಲ್ಲಿ ಚಂದ ಮಾಡಿ ನನ್ನ ಹೆಸರು ಬರೆದಿದ್ದರು.

ಒಂದು ದಿನ ಅದನ್ನು ಫ್ರಿಜ್ಜಿನ ಮೇಲೆ ನಿಲ್ಲಿಸಿದ್ದೆ. ಮಾರನೆಯ ದಿನ ಕರವಸ್ತ್ರಗಳ ಅಡಿಗೆ ಹಾಕಿದೆ.

ತಂಡೇಲರು ಹೋದ ಸುದ್ದಿ ನನಗೆ ಹನ್ನೆರಡು ದಿನ ತಡವಾಗಿ, ಕಾಪುವಿನ ಬಸ್ಸಿನಲ್ಲಿ, ಪಕ್ಕದ ಮನೆಯ ಹೆಂಗಸಿನಿಂದ ಗೊತ್ತಾಯಿತು. ನಿದ್ರೆಯಲ್ಲಿ ಹೋದರಂತೆ. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸು ಉಡುಪಿಯ ಬಸ್ಸು ಹತ್ತಿದೆ.

ರೆಕಾರ್ಡ್ಸ್ ಸೆಕ್ಷನ್ನಿನಲ್ಲಿ ನಮಗೊಂದು ಕ್ರಮವಿತ್ತು. ತಪ್ಪು ಬರೆದರೆ ಅದನ್ನು ಗೀಚಿ ಕಪ್ಪು ಮಾಡುವಂತಿಲ್ಲ, ಬಿಳಿ ಬಣ್ಣ ಹಚ್ಚಿ ಮುಚ್ಚುವಂತಿಲ್ಲ. ಒಂದೇ ಒಂದು ಗೆರೆ ಎಳೆಯಬೇಕು, ಕೆಳಗಿನ ತಪ್ಪು ಓದಲಿಕ್ಕೆ ಬರಬೇಕು. ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಮತ್ತು ತಾರೀಕು. ಆ ಸಂಜೆ ಕಾರ್ಡು ಹೊರಗೆ ತೆಗೆದು ನನ್ನ ಹೆಸರಿನ ಮೇಲೆ ಗೆರೆ ಎಳೆದೆ. ಮೇಲೆ ಅವರ ಹೆಸರು ಬರೆದೆ. ಸಹಿ ಹಾಕಿದೆ. ತಾರೀಕು ಬರೆಯುವಾಗ ಎಷ್ಟು ತಡವಾಗಿದೆ ಎಂದು ಕಂಡಿತು.

ಬೊಜ್ಜ, ಉತ್ತರಕ್ರಿಯೆ ಎಲ್ಲ ಮುಗಿದ ಮೇಲೆ ತೆಗೆದುಕೊಂಡು ಹೋದೆ. ಮಗಳು ಆಗಷ್ಟೇ ಮಾರ್ಕೆಟ್ಟಿನಿಂದ ಬಂದಿದ್ದಳು. ಕೈ ತೊಳೆದು, ಸೆರಗಿಗೆ ಒರೆಸಿ, ಕಾರ್ಡನ್ನು ಅಂಚಿನಲ್ಲಿ ಹಿಡಿದು ನೋಡಿದಳು. ನಾನು ಎಲ್ಲ ಹೇಳಿದೆ.

"ಬಂದರು ಅಂತಲೇ ಇತ್ತಾ ಅದು?"

"ಹೌದು."

"ಮಂಗ ಅಲ್ವಾ?"

"ಅಲ್ಲ."

"ನಿಮಗೆ ಯಾವಾಗ ಗೊತ್ತಾದದ್ದು?"

ಹೇಳಿದೆ. ಅವಳು ಬೆರಳಲ್ಲಿ ತಿಂಗಳು ಎಣಿಸಿದಳು. ಅವಳ ತುಟಿ ಅಲುಗುವುದನ್ನು ನೋಡಲಾರದೆ ನಾನು ನೆಲ ನೋಡಿದೆ.

"ನೀವು ಹೇಳಿದ್ದು ಅಂತ ಮೇಡಂ, ನಾವು ನಗಾಡಿದ್ದು," ಎಂದಳು. ಅಲ್ಲಿಯವರೆಗೆ ನನ್ನನ್ನು ಅಕ್ಕ ಎನ್ನುತ್ತಿದ್ದಳು. "ನೀವು ಓದಿದವರಲ್ವಾ. ಇಲ್ಲದಿದ್ರೆ ಅಪ್ಪನ ಮುಖದೆದುರು ಹಾಗೆ ನಗಾಡ್ತಿದ್ದೆನಾ ನಾನು?"

ಕಾರ್ಡನ್ನು ವಾಪಸು ಕೊಡಲಿಲ್ಲ. ಗೋಡೆಗೂ ಹಾಕಲಿಲ್ಲ. ಅದನ್ನು ಹಿಡಿದುಕೊಂಡೇ ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ನಾನು ಸ್ವಲ್ಪ ಹೊತ್ತು ನಿಂತಿದ್ದು ಬಂದೆ. ಮಣಿಪಾಲದವರಿಗೆ ಆ ವಾರವೇ ಫೋನ್ ಮಾಡಿ ಹೇಳಿದೆ. "ಸಣ್ಣ ವಿಷಯ, ಬಿಡಿ ಮೇಡಂ" ಎಂದರು ಒಬ್ಬರು. ಮತ್ತೆ ನಾನು ಆ ಕೂಟಕ್ಕೆ ಹೋಗಲಿಲ್ಲ.

ಇಷ್ಟು ಬರೆದ ಮೇಲೂ ತಂಡೇಲರನ್ನು ಕೊನೆಯ ಸಲ ನೋಡಿದ್ದನ್ನು ಬರೆಯದೆ ಉಳಿಸಿಕೊಂಡಿದ್ದೇನೆ. ಅದು ಅವರು ಹೋಗುವುದಕ್ಕೆ ಒಂದು ತಿಂಗಳ ಮೊದಲು.

ಆವತ್ತು ಹೇಳಿಯೇ ಬಿಡಬೇಕು ಎಂದು ಹೊರಟಿದ್ದೆ. ಕಾರ್ಡು ಬ್ಯಾಗಿನಲ್ಲಿತ್ತು. ನನ್ನ ಸೆಟ್ಟಿಗೆಂದು ಆಗಷ್ಟೇ ಕೊಂಡ ನಾಲ್ಕು ಸೆಲ್ಲುಗಳೂ ಇದ್ದವು. ಅಂಗಳದಲ್ಲಿ ಮಗಳು ಸಿಕ್ಕಿದಳು, ಮೆಲ್ಲನೆ ಹೇಳಿದಳು: "ಸೆಲ್ಲು ತೆಗೆದಿಟ್ಟಿದ್ದೇನೆ ಅಕ್ಕ. ಬಂದರು ಬಂದರು ಅಂತ ಕತ್ತಲಲ್ಲಿ ಕಡಲಿಗೆ ಇಳಿದ್ರೆ ಎಂತ ಮಾಡುವುದು? ಸದ್ದಿಲ್ಲದಿದ್ರೂ ಹಿಡ್ಕೊಂಡು ಕೂರ್ತಾರೆ. ಅವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ."

ಅವರು ದೋಣಿಯ ಮೇಲೇ ಇದ್ದರು. ತುಂಬ ಸಪೂರವಾಗಿದ್ದರು. ನನ್ನನ್ನು ಗುರುತು ಹಿಡಿದರು. ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಕಾರ್ಡು ಬಂತಾ ಎಂದು ಅವರು ಕೇಳುತ್ತಾರೆ, ಆಗ ತೆಗೆದು ಕೊಡುವುದು ಎಂದು ಬ್ಯಾಗಿನ ಜಿಪ್ಪಿನ ಮೇಲೆ ಕೈಯಿಟ್ಟು ಕಾದೆ.

ಅವರು ಕೇಳಲಿಲ್ಲ. ಮಗಳ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿ, ನನ್ನನ್ನು ಸಮಾಧಾನ ಮಾಡುವವರ ಹಾಗೆ ನಕ್ಕರು.

"ಮಂಗಕ್ಕೆ ಕಾಗದ ಬರೀಲಿಕ್ಕೆ ಬರ್ತದಾ ಅಕ್ಕೆರೇ? ನೀವು ಇನ್ನು ಕಾಯ್ಬೇಡಿ."

ಮಗಳು ಜೋರಾಗಿ ನಕ್ಕಳು, ಅಪ್ಪ ಕೊನೆ ಕೊನೆಗಾದರೂ ಒಪ್ಪಿಕೊಂಡರಲ್ಲ ಎಂಬ ಸಂತೋಷದಲ್ಲಿ. ನಾನೂ ನಕ್ಕೆ. ಜಿಪ್ಪಿನ ಮೇಲಿನ ಕೈ ತೆಗೆದೆ. ಒಳಗೆ ಗಡಿಯಾರದ ಕೆಳಗಿನ ಮೊಳೆಯಲ್ಲಿ ಬಟ್ಟೆಯ ಚೀಲವೊಂದು ನೇತಾಡುತ್ತಿತ್ತು. ಚಾ ಕುಡಿದೆ. ಬಸ್ಸಿಗೆ ಹೊತ್ತಾಯಿತು ಎಂದೆ. ಹೊತ್ತಾಗಿರಲಿಲ್ಲ.

ರಸ್ತೆಯ ತಿರುವಿನಲ್ಲಿ ಹಿಂದೆ ನೋಡಿದೆ. ಲೈಟ್‌ಹೌಸಿನ ಬೆಳಕು ಅಂಗಳದ ಮೇಲೆ ಒಮ್ಮೆ ಹಾದುಹೋಯಿತು. ಸೆಲ್ಲಿಲ್ಲದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅವರು ಸ್ವಲ್ಪ ಸ್ವಲ್ಪವಾಗಿ, ಮಗುವಿಗೆ ಮಗ್ಗುಲು ಬದಲಿಸುವ ಹಾಗೆ, ಕಡಲಿನ ಕಡೆಗೆ ತಿರುಗಿಸುತ್ತಿದ್ದರು. ನಮ್ಮೆಲ್ಲರಿಗೂ ಭುಜ ತೋರಿಸಿ ಕೂತಿದ್ದರು.